ಹಿಂದುಗಡೆ ಸರಿಯಾಗಿದೆಯಾ?

ಮೊಮ್ಮಗಳ ಕೂದಲು ಕಣ್ಣಿಗೆ ಇಳಿದಿತ್ತು. ಕ್ಷೌರಿಕನ ಮನೆಯ ಮಗುವೇ ಕರಡಿಮರಿಯಂತೆ ಓಡಾಡಿ ಬಾಗಿಲಿಗೆ ಡಿಕ್ಕಿ ಹೊಡೆಯುವುದು ಬೀದಿಯವರಿಗೆ ಒಳ್ಳೆಯ ತಮಾಷೆಯಾಗಿತ್ತು. ಮಗಳು ಮಾತ್ರ ಹಟ ಬಿಟ್ಟಿರಲಿಲ್ಲ.

"ಇವಳ ತಲೆಗೆ ಮೊದಲ ಕತ್ತರಿ ನೀನೇ ಹಾಕ್ಬೇಕಪ್ಪ. ಅಂಗಡೀಲಿರೋ ಮಾವನಿಗೂ ಕೊಡಲ್ಲ. ಆದ್ರೆ ಕುಡಿಯೋದು ಬಿಟ್ಟೆ, ಬಿಟ್ಟೆ ಅಂತ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಬಿಟ್ಟೋರು ಸೇರೋ ಸಭೆಗಳಿವೆಯಂತಲ್ಲ, ಯಾವುದಾದ್ರೂ ಒಂದ್ರಲ್ಲಿ ಹೋಗಿ ನೆಲೆಯಾಗಿ ಕೂತ್ಕೋ. ಕೂತು ಬಾಯಿ ಬಿಡು. ಆಮೇಲೆ ಕತ್ತರಿ."

ಈ ಸಲ ಅವನು ನಿಜವಾಗಿಯೂ ಬಿಟ್ಟಿದ್ದ. ಕೈ ನಡುಗುವುದೂ ನಿಂತಿತ್ತು. ಆದರೆ ಸಂಜೆ ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಕಾಲು ಹಳೇ ದಾರಿ ಹಿಡಿಯಲು ತವಕಿಸುತ್ತಿತ್ತು. ಆ ಕಾಲಿಗೊಂದು ಬೇರೆ ವಿಳಾಸ ಬೇಕಿತ್ತು. ಅಲ್ಲಿಯವರೆಗೆ ಕತ್ತರಿಯೆಲ್ಲ ಭಾವಮೈದುನನ ಕೈಯಲ್ಲಿ, ಪೊರಕೆ ಇವನ ಕೈಯಲ್ಲಿ.

ಮೊದಲ ಸಭೆ ಒಂದು ನೆಲಮಾಳಿಗೆಯಲ್ಲಿತ್ತು. ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಎಲ್ಲರೂ ಎಲ್ಲರ ಮುಖವನ್ನೂ ಕರುಣೆಯಿಂದ ನೋಡುತ್ತಿದ್ದರು. ಇವನ ಸರದಿ ಬಂದಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಎರಡನೆಯದರಲ್ಲಿ ಪತನದ ಪಂದ್ಯಾಟ ನಡೆಯುತ್ತಿತ್ತು. "ನಾನು ಚರಂಡಿಯಲ್ಲಿ ಬಿದ್ದಿದ್ದೆ" ಎಂದು ಒಬ್ಬ ಹೇಳಿದರೆ, "ಯಾವುದು, ಆ ಸಣ್ಣ ಚರಂಡೀನಾ?" ಎಂದು ಇನ್ನೊಬ್ಬ ಕೇಳುತ್ತಿದ್ದ. ಮೂರನೆಯದರಲ್ಲಿ ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ ಎಂದರು. ಇವನ ಉಸಿರನ್ನು ಕೋಣೆಯವರೆಲ್ಲ ಗಮನಿಸಬೇಕಾಯಿತು. ಅಷ್ಟು ಜೋರಾಗಿ ಗೊರಕೆ ಹೊಡೆದಿದ್ದ.

"ಅಂಗಡೀಲಿ ನಿನ್ನ ಬಾಯಿ ಕತ್ತರಿಗಿಂತ ಮುಂದೆ ಓಡುತ್ತಲ್ಲ ಭಾವ," ಎಂದ ಭಾವಮೈದುನ. "ಗಿರಾಕಿಗಳಿಗೆ ಗಡ್ಡ ತೆಗೆಸ್ಕೊಳ್ಳೋದಕ್ಕಿಂತ ನಿನ್ನ ಮಾತಿಂದ ಬಿಡಿಸ್ಕೊಂಡು ಹೋಗೋದೇ ಕಷ್ಟ. ಅಲ್ಲೇನು ಬಾಯಿಗೆ ಬೀಗ ಜಡೀತಾರಾ?"

ಇವನಿಗೂ ಅರ್ಥವಾಗಿರಲಿಲ್ಲ. ಮೊಮ್ಮಗಳ ಕೂದಲು ಮೂಗಿನ ತುದಿಗೆ ಬಂತು.

ನಾಲ್ಕನೆಯ ಸಭೆ ಟೈರು ಅಂಗಡಿಯ ಮೇಲಿನ ನೃತ್ಯಶಾಲೆಯಲ್ಲಿ. ಒಂದಿಡೀ ಗೋಡೆ ಕನ್ನಡಿ. ಮರದ ನೆಲಕ್ಕೆ ಕುರ್ಚಿಕಾಲು ತಾಗಿದರೆ ನೃತ್ಯದ ಮೇಡಂ ಕೋಣೆಯನ್ನೇ ಕೊಡುವುದಿಲ್ಲ ಎಂದಿದ್ದರಿಂದ, ಕನ್ನಡಿಯ ಮುಂದೆ ಚಾಪೆ ಹಾಸಿ, ಅದರ ಮೇಲೆ ಕುರ್ಚಿ ಹಾಕಿಕೊಂಡು ಎಲ್ಲರೂ ಒಂದೇ ಸಾಲಿನಲ್ಲಿ, ಕನ್ನಡಿಗೆ ಮುಖ ಮಾಡಿ ಕೂತಿದ್ದರು. ತುದಿಯಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಆದರೆ ಅವನ ಕಾಲು ಅಲ್ಲಿಗೆ ಹೋಗಲಿಲ್ಲ. ನಿವೃತ್ತ ಹೆಡ್‌ಮಿಸ್ಸೊಬ್ಬರ ಕುರ್ಚಿಯ ಹಿಂದೆ ಹೋಗಿ, ಎರಡೂ ಕೈಯನ್ನು ಅದರ ಬೆನ್ನಿನ ಮೇಲಿಟ್ಟು ನಿಂತುಬಿಟ್ಟ.

"ಕೂರಲ್ವೇನಪ್ಪಾ?" ಎಂದರು ಹೆಡ್‌ಮಿಸ್ಸು, ಕನ್ನಡಿಯೊಳಗಿನ ಅವನನ್ನು ನೋಡಿ.

"ಇಲ್ಲೇ ಇರ್ತೀನಿ ಮೇಡಂ. ಅಭ್ಯಾಸ."

ಅಷ್ಟೇ. ಬೀಗ ಕಳಚಿಬಿತ್ತು. ಜೀವಮಾನವಿಡೀ ಅವನು ಜನರೊಂದಿಗೆ ಆಡಿದ ಮಾತೆಲ್ಲ ಅವರ ಬೆನ್ನ ಹಿಂದೆ ನಿಂತು, ಕನ್ನಡಿಯ ಮೂಲಕ ಆಡಿದ್ದೇ.

"ಗಡ್ಡಕ್ಕೆ ಹಚ್ಚೋ ಲೋಷನ್ ಬಾಟ್ಲೀಲಿ ನನ್ನ ಸರಕು ತುಂಬ್ಸಿಟ್ಟಿದ್ದೆ," ಎಂದ. "ಒಂದಿನ ಮರೆತು ಅದನ್ನೇ ಗಿರಾಕಿ ಕೆನ್ನೆಗೆ ಬಳಿದೆ. ಇವತ್ತು ಘಮಘಮ ಅಂತಿದೆಯಲ್ಲ ಅಂದ ಅವನು. ನನಗೆ ತಪ್ಪಾಯ್ತು ಅನ್ನಿಸ್ಲಿಲ್ಲ ನೋಡಿ. ಅಯ್ಯೋ, ದಂಡ ಆಯ್ತಲ್ಲ ಅನ್ನಿಸ್ತು."

ಬಸ್ ಡ್ರೈವರೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನು ರೇಡಿಯೇಟರ್ ನೀರಿನ ಕ್ಯಾನಲ್ಲಿ ಇಟ್ಟಿದ್ದೆ ಮಾರಾಯ!" ಸಾಲಿಗೆ ಸಾಲೇ ನಕ್ಕಿತು. ಕನ್ನಡಿಯಲ್ಲಿ ಇನ್ನೊಂದು ಸಾಲೂ ನಕ್ಕಿತು.

ನಗು ಇಳಿದ ಮೇಲೆ ಅವನು ಮೆಲ್ಲಗೆ ಹೇಳಿದ: "ಮೊಮ್ಮಗಳ ತಲೆ ನನ್ನ ಕೈಗೆ ಬೇಕು. ಅದಕ್ಕೇ ಬಂದಿದೀನಿ." ಯಾರೂ ಕರುಣೆಯಿಂದ ನೋಡಲಿಲ್ಲ. ಡ್ರೈವರು, "ನಾಳೇನೂ ಬಾ," ಎಂದರು.

ಮಾತು ಮುಗಿಯಿತು, ಕೈ ಮಾತ್ರ ನಿಲ್ಲಲಿಲ್ಲ. ಹೆಡ್‌ಮಿಸ್ಸಿನ ಭುಜದ ಮೇಲಿಂದ ಇಲ್ಲದ ಕೂದಲನ್ನು ಪಟಪಟ ಒರೆಸಿ, "ಹಿಂದುಗಡೆ ಸರಿಯಾಗಿದೆಯಾ ಮೇಡಂ?" ಎಂದು ಕೇಳಿಬಿಟ್ಟ.

ಹೆಡ್‌ಮಿಸ್ಸು ಗಂಭೀರವಾಗಿ ತಲೆ ಅತ್ತಿತ್ತ ತಿರುಗಿಸಿ ನೋಡಿಕೊಂಡರು. "ಪರವಾಗಿಲ್ಲ. ಮುಂದಿನದನ್ನ ನೋಡ್ಕೊಳ್ಳೋಣ."

ಅಂದಿನಿಂದ ಸಂಜೆಗಳಿಗೆ ವಿಳಾಸ ಸಿಕ್ಕಿತು. ಖಾಲಿ ಕುರ್ಚಿ ಖಾಲಿಯೇ ಉಳಿಯಿತು. ಅದರ ಮೇಲೆ ಎಲ್ಲರೂ ಚೀಲ ಇಡತೊಡಗಿದರು. ಮೊಮ್ಮಗಳ ಕೂದಲು ಗಲ್ಲ ಮುಟ್ಟುವ ಹೊತ್ತಿಗೆ ಮಗಳು ಅಂಗಡಿಗೆ ಬಂದಳು. ಮಗುವನ್ನು ಮಾವನ ತೊಡೆಗೆ ಹಾಕಿ ಕುರ್ಚಿಯಲ್ಲಿ ತಾನೇ ಕೂತಳು.

"ಮೊದಲು ನಂದು. ಪರೀಕ್ಷೆ."

ಅವನು ಬಟ್ಟೆ ಹೊದಿಸಿದ. ಕತ್ತರಿ ಕಚಕಚ ಎಂದಿತು, ಬಾಯಿ ಅದಕ್ಕಿಂತ ಮುಂದೆ ಓಡಿತು: ಡ್ರೈವರು, ಕ್ಯಾನು, ಹೆಡ್‌ಮಿಸ್ಸು. ಮಗಳು ಕನ್ನಡಿಯಲ್ಲಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು, ತನ್ನ ಕೂದಲನ್ನಲ್ಲ. ಕೊನೆಗೆ ಎದ್ದು, ಮೂಗೊರೆಸಿಕೊಂಡು, "ಬಲಗಡೆ ಕೂದಲೆಳೆಯಷ್ಟು ಉದ್ದ ಆಯ್ತು," ಎಂದಳು. "ಹೋಗ್ಲಿ, ಪಾಸು."

ಮಗುವನ್ನು ಎರಡು ದಿಂಬಿನ ಮೇಲೆ ಕೂರಿಸಿದರು. ಅಜ್ಜ ಬಾಚಿದ, ಹಿಡಿದ, ಕತ್ತರಿಸಿದ. ಮುಂಗೂದಲು ಗೊಂಚಲಾಗಿ ಮಡಿಲಿಗೆ ಬಿತ್ತು. ಕರಡಿಮರಿ ಕನ್ನಡಿಯಲ್ಲಿ ತನ್ನನ್ನು ಬಹಳ ಹೊತ್ತು ಪರಿಶೀಲಿಸಿತು.

"ಅಮ್ಮಾ!" ಎಂದು ಕೂಗಿತು. "ನಂಗೆ ಹಣೆ ಇದೆ!"