ಗುರುಬಾಯಿ ಎದ್ದು ನಿಂತಳು

ಮಣ್ಣೂರಿನ ಗುರುಬಾಯಿ ದಿನಾ ಬೆಳಗ್ಗೆ ರೊಟ್ಟಿ ಬಡಿಯುತ್ತಲೇ ಮಗಳು ಬಸವೇಶ್ವರಿಗೆ ಬಸ್ಸಿನ ಹೊತ್ತು ನೆನಪಿಸುತ್ತಿದ್ದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಹುಡುಗಿ ಅಫಜಲಪುರದ ಕಾಲೇಜು ಸೇರಿದ್ದಳು. ಗುರುಬಾಯಿಯ ಗಂಡ ತೀರಿಹೋಗಿದ್ದ. ಮನೆಯ ಯಜಮಾನಿಕೆ ಭಾವ ಗುರಣ್ಣನದು.

ಹಿರಿಯ ಮಗಳು ಸುನಿತಾಳ ಮದುವೆಯನ್ನು ಗುರಣ್ಣ ಹದಿನಾರಕ್ಕೇ ಮಾಡಿಸಿದ್ದ. ವರ್ಷ ತುಂಬುವುದರೊಳಗೆ ಅವಳು ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಹಣೆಬರಹ ಎಂದರು ಹಿರಿಯರು. ಆ ಒಂದು ಮಾತು ಹೇಳಿ ನಾವು ಎಷ್ಟು ಹುಡುಗಿಯರನ್ನು ಮಣ್ಣು ಮಾಡಿದ್ದೇವೋ, ಓದುಗರೇ!

ಎರಡೇ ವರ್ಷಕ್ಕೆ ಗುರಣ್ಣ ಬಸವೇಶ್ವರಿಗೂ ಗಂಡು ಗೊತ್ತು ಮಾಡಿದ. ಅವಳಿಗೂ ಆಗ ಹದಿನಾರೇ. ಸುದ್ದಿ ತಿಳಿದು, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನಜಮುನ್ನಿಸಾ ಮನೆಗೇ ಬಂದರು.

"ಹುಡುಗಿ ಶಾಣ್ಯಾಕಿ ಅದಾಳ್ರಿ. ಓದ್ಲಿ ಬಿಡ್ರಿ."

"ಮೇಡಮ್ಮೋರೆ, ಸೊನ್ನದಾಗ ಭೀಮಾ ಹೊಳಿಗಿ ಬ್ಯಾರೇಜ್ ಕಟ್ಟಿದ್ರು, ನಮ್ಮ ಹೊಲ ಹಸರಾತು. ದೇಶ ಬೆಳಿಯಾದು ಹಂಗ. ಹುಡುಗ್ಯಾರಿಗೆ ಪುಕ್ಕಟ ಬಸ್ ಕೊಟ್ರ ಏನ್ ಬೆಳಿತದ?" ಎಂದ ಗುರಣ್ಣ.

"ಆ ನೀರು ಅರ್ಧ ಹೊಲಕ್ಕಷ್ಟೇ ಬಿಟ್ರ ಪೂರಾ ಬೆಳಿ ಬರ್ತದೇನ್ರಿ? ದೇಶದಾಗ ಅರ್ಧ ಮಂದಿ ಹೆಣ್ಮಕ್ಕಳೇ ಅದಾರ. ಅವ್ರು ಓದಿ ದುಡಿಯಾಕತ್ತಿದ್ರ ಬಸ್ಸಿಗಿ ಹಾಕಿದ್ದು ದೇಶಕ್ಕ ತಿರುಗಿ ಬರ್ತದ್ರಿ."

"ನಮ್ಮ ಮನಿತನದಾಗ ಮೊದ್ಲಿಂದ ಹಿಂಗೇ ನಡದದ. ಐತವಾರ ಬೀಗರು ಬರ್ತಾರ," ಎಂದು ಗುರಣ್ಣ ಎದ್ದುಹೋದ.

ಒಲೆಯ ಮುಂದೆ ಕೂತಿದ್ದ ಗುರುಬಾಯಿ ಎಲ್ಲವನ್ನೂ ಕೇಳಿಸಿಕೊಂಡಳು.

ಐತವಾರ ಬೀಗರು ಬಂದು ಸೀರೆ, ಕುಪ್ಪಸ, ಸಕ್ಕರೆ ಮುಂದಿಟ್ಟುಕೊಂಡು ಕೂತರು. ಗುರಣ್ಣ ಹುಡುಗಿಯನ್ನು ಕರೆದ. ಬಂದದ್ದು ತಾಯಿ. ಇಪ್ಪತ್ತು ವರ್ಷ ಭಾವನೆದುರು ದನಿ ಎತ್ತದವಳು ಪಡಸಾಲೆಯ ನಡುವೆ ನಿಂತಳು.

"ಭಾವಾರ, ಆವತ್ತು ನಾ ಬಾಯಿ ತೆರದಿದ್ರ ನನ್ನ ಸುನಿತಾ ಇರ್ತಿದ್ಲು. ಈಕೀದು ಲಗ್ನ ಈಗ ಆಗಾಂಗಿಲ್ಲ. ಜಬರ್ದಸ್ತಿ ಮಾಡಿದ್ರ ಪೊಲೀಸ್ರಿಗಿ ನಾನೇ ಫೋನ್ ಮಾಡ್ತೇನಿ."

"ಮಂದಿ ಮುಂದ ಮರ್ಯಾದಿ ಕಳೀತಿಯೇನ? ಒಳಗ ನಡಿ!"

"ನಡ್ಯಾಂಗಿಲ್ರಿ."

ಆಗ ಗಂಡಿನ ತಾಯಿ ತಾವು ತಂದ ಸೀರೆಯನ್ನು ಕೈಗೆತ್ತಿಕೊಂಡು ಎದ್ದಳು.

"ನಡೀರಿ ಹೋಗಮು," ಎಂದಳು ಗಂಡನಿಗೆ. "ನಾನೂ ಹದಿನೈದಕ್ಕ ಬಂದಾಕಿ. ಎರಡು ಕೂಸು ಕಳಕೊಂಡೇನಿ. ಈಕಿ ಹೇಳಾದು ಖರೆ ಅದ."

ಬೀಗರು ಹೊರಟುಹೋದರು. ಗುರಣ್ಣ ಅಂದಿನಿಂದ ತಮ್ಮನ ಹೆಂಡತಿಯೊಂದಿಗೆ ಮಾತು ಬಿಟ್ಟ. ಆದರೆ ಹುಡುಗಿಯ ಓದಿಗೆ ಅಡ್ಡ ಬರುವ ಧೈರ್ಯ ಅವನಿಗೆ ಮತ್ತೆ ಬರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಹಿಂದಿನ ಓಣಿಯ ಶಿವಕಾಂತಾ ಬಾಗಿಲಿಗೆ ಬಂದಳು.

"ಅಕ್ಕಾ, ನನ್ನ ಮಗಳದೂ ಲಗ್ನ ಗೊತ್ತು ಮಾಡ್ಯಾರ. ನಮ್ಮ ಮನ್ಯಾಗ ಬಂದು ಒಂದು ಮಾತು ಹೇಳ್ತಿಯೇನು?"

ಗುರುಬಾಯಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು.