ನಲ್ಲಿ ಬಿಟ್ಟು ಆಡಿದ ಮಾತು

ಗ್ರಿಗೋರೆ ಕುರ್ಚಿಯಲ್ಲಿ ಕೂತು ಇನ್ನೂ ಬಾಯಿ ತೆರೆದಿರಲಿಲ್ಲ, ಮುದುಕಿ ಎದ್ದು ಕುಂಟುತ್ತ ಹೋಗಿ ಮೂಲೆಯ ನಲ್ಲಿ ಬಿಟ್ಟಳು. ನೀರು ತಗಡಿನ ತೊಟ್ಟಿಗೆ ದಬದಬ ಬೀಳತೊಡಗಿತು. ಅವಳು ಕೈ ತೊಳೆಯಲಿಲ್ಲ, ಲೋಟ ತುಂಬಿಸಲಿಲ್ಲ. ಹಾಗೇ ವಾಪಸು ಬಂದು ಎದುರು ಕೂತು, "ಈಗ ಹೇಳಿ" ಅಂದಳು.

ಗ್ರಿಗೋರೆಯ ಬೆನ್ನು ಸೆಟೆದುಕೊಂಡಿತು. ನಲ್ಲಿ ಬಿಟ್ಟು ಮಾತಾಡುವುದೆಂದರೆ ಏನೆಂದು ನಮ್ಮೂರಿನಲ್ಲಿ ಐವತ್ತು ದಾಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಅಮ್ಮನೂ ಹಾಗೇ ಮಾಡುತ್ತಿದ್ದಳು. ಬ್ರೆಡ್ ಅಂಗಡಿಯ ಮುಂದೆ ಸಾಲು ಎಷ್ಟುದ್ದ ಇತ್ತೆಂದು ಗೊಣಗಬೇಕಾದರೂ ಮೊದಲು ನಲ್ಲಿ ಬಿಡುತ್ತಿದ್ದಳು, ಗೋಡೆಯೊಳಗೆ ಯಾರ ಕಿವಿ ಇದ್ದರೂ ನೀರಿನ ಸದ್ದಷ್ಟೇ ಕೇಳಲಿ ಎಂದು. ಮನೆಮನೆಯ ಮಾತನ್ನೂ ಕದ್ದು ಕೇಳುತ್ತಿದ್ದ ಆ ಸರ್ಕಾರ ಬಿದ್ದು ಯಾವ ಕಾಲವಾಯಿತು! ಈಗಲೂ ನಲ್ಲಿ ಬಿಡುವವರೆಂದರೆ ಒಂದೋ ಕಿವಿಗಳಿಗೆ ಹೆದರಿ ಬಾಳಿದವರು, ಇಲ್ಲವೇ ಕಿವಿಗಳನ್ನು ಎಲ್ಲೆಲ್ಲಿ ಇಟ್ಟಿದ್ದರೆಂದು ಬಲ್ಲವರು. ಈ ವೆತೂರಿಯಾ ಇವರಲ್ಲಿ ಯಾರು? ನಿವೃತ್ತಿಯಾಗುವವರೆಗೂ ರೈಲ್ವೆ ಆಸ್ಪತ್ರೆಯಲ್ಲಿ ಚಾಲಕರ ಮನಸ್ಸು ಪರೀಕ್ಷೆ ಮಾಡುತ್ತಿದ್ದ ಹೆಂಗಸು. ಅವಳು ಬರೆದಿದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ ದೇವರೇ ಬಲ್ಲ ಎಂದು ಹಳೇ ಚಾಲಕರು ಇವತ್ತಿಗೂ ಹೇಳುತ್ತಾರೆ.

ಗ್ರಿಗೋರೆ ಬಂದದ್ದು ಬೇರೆ ದಾರಿಯಿಲ್ಲದೆ. ಹೋದ ಶರತ್ಕಾಲದಲ್ಲಿ, ಇಟ್ಟಿಗೆ ಕಾರ್ಖಾನೆಯ ಹತ್ತಿರದ ತಿರುವಿನಲ್ಲಿ, ಸೈಕಲ್ ತಳ್ಳಿಕೊಂಡು ಹಳಿ ದಾಟುತ್ತಿದ್ದ ಒಬ್ಬ ಮನುಷ್ಯ ಅವನ ರೈಲಿಗೆ ಸಿಕ್ಕಿ ಸತ್ತ. ವಿಚಾರಣೆ ನಡೆಯಿತು, ಚಾಲಕನದು ತಪ್ಪಿಲ್ಲ ಎಂದಾಯಿತು, ಕೆಲವು ದಿನ ರಜೆ ಕೊಟ್ಟು ಮತ್ತೆ ಎಂಜಿನ್ ಹತ್ತಿಸಿದರು. ಅಂದಿನಿಂದ ಆ ತಿರುವು ಬಂದರೆ ಸಾಕು, ಅವನ ಕೈ ಅವನನ್ನು ಕೇಳದೆಯೇ ಬ್ರೇಕಿಗೆ ಹೋಗುತ್ತಿತ್ತು. ಹಳಿ ಖಾಲಿ ಇದ್ದರೂ ರೈಲು ಕಿರುಚಿಕೊಂಡು ನಿಲ್ಲುತ್ತಿತ್ತು, ಹಿಂದಿನ ಡಬ್ಬಿಗಳಲ್ಲಿ ಜನರ ಗಂಟುಮೂಟೆಗಳು ಅವರ ತಲೆಯ ಮೇಲೇ ಬೀಳುತ್ತಿದ್ದವು. ಮೇಲಿನವರಿಗೆ ಗೊತ್ತಾದರೆ ಎಂಜಿನ್ನಿನಿಂದ ಇಳಿಸಿ ಡಿಪೋದಲ್ಲಿ ಪೊರಕೆ ಹಿಡಿಸುತ್ತಾರೆ. ಅಪ್ಪನ ಕಾಲದಿಂದ ಎಂಜಿನ್ನಿನ ಅನ್ನ ಉಂಡವನಿಗೆ ಅದು ಸಾವಿಗಿಂತ ಕಡೆ.

ಇಷ್ಟು ದಿನ ಕಾಪಾಡಿದವನು ಜೊತೆಯ ಚಾಲಕ ಪಾಂತೆಲಿ. "ಲೇ, ನಾಯಿ ಅಡ್ಡ ಬಂತು, ನಾಯಿ ಅಡ್ಡ ಬಂತು ಅಂತ ಇನ್ನೆಷ್ಟು ಸಲ ಹೇಳ್ಲೋ? ಇಡೀ ಜಿಲ್ಲೇಲಿ ಅಷ್ಟು ನಾಯಿ ಇಲ್ಲ ಮಾರಾಯ! ಯಾರಾದ್ರೂ ಮನಸ್ಸಿನ ಡಾಕ್ಟರ ಹತ್ರ ಹೋಗು."

"ಹೋದ್ರೆ ಊರಿಗೆಲ್ಲ ಡಂಗುರ ಹೊಡೀತಾರೆ."

"ಹೊಡೀದೇ ಇರೋರನ್ನ ಹುಡುಕು. ಒಬ್ಬರಾದ್ರೂ ಇರಲ್ವಾ?"

ಹುಡುಕುವ ವಿದ್ಯೆ ಗ್ರಿಗೋರೆಗೆ ಅಪ್ಪನಿಂದ ಬಂದಿತ್ತು. ಆ ಕಾಲದಲ್ಲಿ ಅಪ್ಪ ಗೆಳೆಯರಿಗೆ ಒಬ್ಬೊಬ್ಬರಿಗೂ ಬೇರೆಬೇರೆ ಸುಳ್ಳು ಹೇಳುತ್ತಿದ್ದ. ಯಾರಿಗೆ ಹೇಳಿದ ಸುಳ್ಳು ಊರು ಸುತ್ತಿ ತನ್ನ ಕಿವಿಗೇ ವಾಪಸು ಬರುತ್ತದೋ ಅವನ ಬಾಯಿ ಸಡಿಲ ಎಂದು ಲೆಕ್ಕ. ಮನೆಮನೆಯಲ್ಲೂ ಹೀಗೇ ಮಾಡುತ್ತಿದ್ದರು, ನಮ್ಮಲ್ಲಿ ಅದನ್ನು ಯಾರೂ ತಪ್ಪೆಂದು ತಿಳಿದವರಲ್ಲ. ಗ್ರಿಗೋರೆಯೂ ಡಾಕ್ಟರುಗಳಿಗೆ ಅದೇ ಬಲೆ ಬೀಸಿದ.

ಮೊದಲನೆಯವನು ಸ್ತೋಯಿಕ, ಔಷಧಿ ಅಂಗಡಿಯ ಮೇಲೆ ಕೋಣೆ, ಹಸುವಿನಷ್ಟು ದಪ್ಪದ ಚರ್ಮದ ಕುರ್ಚಿ. "ನಿಮ್ಮ ತಾಯಿ ಬಗ್ಗೆ ಹೇಳಿ" ಅಂದ. "ತೀರಿಹೋಗಿದ್ದಾರೆ" ಅಂದ ಗ್ರಿಗೋರೆ. ಕಳ್ಳ ಸಿಕ್ಕಿಬಿದ್ದ ಎನ್ನುವಂತೆ ಸ್ತೋಯಿಕ ಹೂಂಗುಟ್ಟಿದ. ಅಪ್ಪನ ದ್ರಾಕ್ಷಿ ತೋಟ ಮಾರುವ ಚಿಂತೆಯಲ್ಲಿ ನಿದ್ದೆ ಬರುತ್ತಿಲ್ಲ ಎಂದು ಸುಳ್ಳೊಂದನ್ನು ಎಸೆದು ಗ್ರಿಗೋರೆ ಎದ್ದು ಬಂದ. ವಾರ ಕಳೆಯುವುದರೊಳಗೆ ಕ್ಷೌರದವನು ಅವನ ಕೆನ್ನೆಗೆ ನೊರೆ ಹಚ್ಚುತ್ತ ಕೇಳಿದ, "ತೋಟ ಮಾರ್ತೀಯಂತಲ್ಲ? ನಮ್ ಭಾವ ಕೇಳ್ತಿದ್ದ."

ಎರಡನೆಯವಳು ಆಂದ್ರಾದಾ, ಪಾದ್ರಿಯ ಮಗಳು, ರಾಜಧಾನಿಯಲ್ಲಿ ಓದಿ ಬಂದವಳು. ಹುಡುಗಿ ಒಳ್ಳೆಯವಳೇ. ಆದರೆ ಉಸಿರಾಟ ಕಲಿಸುತ್ತೇನೆಂದು ಕಿಟಕಿಯನ್ನೂ ಬಾಗಿಲನ್ನೂ ಒಟ್ಟಿಗೆ ತೆರೆದಿಟ್ಟಳು. ಎದುರುಬದುರು ಗಾಳಿ ಹೊಡೆದರೆ ಕತ್ತು ಹಿಡಿದುಕೊಂಡು ಮನುಷ್ಯ ಸತ್ತೇ ಹೋಗುತ್ತಾನೆಂದು ಹಾಲುಗಲ್ಲದ ಮಗುವಿಗೂ ಗೊತ್ತು. ಗ್ರಿಗೋರೆ ಕೋಟಿನ ಕಾಲರ್ ಎತ್ತಿಕೊಂಡು, ಇಟಲಿಗೆ ಕೆಲಸಕ್ಕೆ ಹೋಗುವ ಯೋಚನೆ ಇದೆ ಎಂದಷ್ಟೇ ಹೇಳಿ ಕಾಲು ಕಿತ್ತ. ಈ ಸುಳ್ಳು ವಾಪಸು ಬಂದದ್ದು ಅತ್ತೆಯ ರೂಪದಲ್ಲಿ.

"ಅಳಿಯಂದ್ರೇ, ನನ್ ಮಗಳನ್ನ ಬಿಟ್ಟು ಇಟಲಿಗೆ ಹೊರಟಿದ್ದೀರಂತೆ?" ಅತ್ತೆ ಹೊಸ್ತಿಲಲ್ಲೇ ಕಣ್ಣೊರೆಸಲು ಕರವಸ್ತ್ರ ತೆಗೆದಳು. "ಅಲ್ಲಿ ಯಾವಳಿದ್ದಾಳೆ?"

"ಅದಕ್ಕೇ ಇವರಿಗೆ ಮನೆ ಊಟ ಸೇರ್ತಿಲ್ಲ ಕಣಮ್ಮ" ಎಂದಳು ಹೆಂಡತಿ ಸಾಫ್ತಾ. ಮಾಂಸ ತುಂಬಿದ ಎಲೆಕೋಸಿನ ಸುರುಳಿಗೆ ಅವಳ ಕೈ ಊರಿಗೇ ಹೆಸರು. ಗ್ರಿಗೋರೆ ಶರತ್ಕಾಲದಿಂದ ಅದನ್ನು ಮುಟ್ಟಿರಲಿಲ್ಲ. ತಟ್ಟೆ ನೋಡಿದ ಕೂಡಲೇ ಎದ್ದು ಹೋಗುತ್ತಿದ್ದ. "ವಿಷ ಹಾಕಿದ್ದೀನೇನ್ರೀ? ಬಾಯಿ ಬಿಟ್ಟು ಹೇಳಿ." ಸಾಫ್ತಾ ಅವನ ಕೋಟಿನ ಜೇಬುಗಳನ್ನು ನೋಡತೊಡಗಿದ್ದಳು. ಇಬ್ಬರೂ ಒಂದೇ ಸೂರಿನಡಿ ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕಾಯುತ್ತಿದ್ದರು.

ಹೀಗೆ ಮೂರನೆಯವಳಾಗಿ ಉಳಿದವಳು ವೆತೂರಿಯಾ. ಕಿಟಕಿ ಭದ್ರವಾಗಿ ಮುಚ್ಚಿತ್ತು, ಅಷ್ಟರ ಮಟ್ಟಿಗೆ ಸಮಾಧಾನ. ನಲ್ಲಿ ಮಾತ್ರ ಸುರಿಯುತ್ತಿತ್ತು. ಇವಳಿಗೆ ದೊಡ್ಡ ಸುಳ್ಳೇ ಬೇಕೆಂದುಕೊಂಡು ಗ್ರಿಗೋರೆ ಹೇಳಿದ, "ನನಗೊಬ್ಬ ತಮ್ಮ ಇದ್ದಾನೆ. ಔರೆಲ್ ಅಂತ. ಸಮುದ್ರದ ಕಡೆ ಇದ್ದಾನೆ. ಅಪ್ಪ ಯಾರಿಗೂ ಹೇಳಿರ್ಲಿಲ್ಲ."

ಅಪ್ಪ ಊರಲ್ಲಿ ನೆಟ್ಟಗೆ ಬಾಳಿದವನೆಂದು ಹೆಸರಾದವನು. ಅವನಿಗೆ ಗುಟ್ಟಿನಲ್ಲಿ ಇನ್ನೊಬ್ಬ ಮಗನಿದ್ದ ಎಂಬ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ನಮ್ಮೂರಿನ ಯಾವ ಹೊಟ್ಟೆಗೂ ಇಲ್ಲ. ಮುದುಕಿ ಬೆಚ್ಚಲಿಲ್ಲ, ಬೆರಗಾಗಲೂ ಇಲ್ಲ. "ಔರೆಲ್ ಏನು ಕೆಲಸ ಮಾಡ್ತಾನೆ?" ಎಂದಳು.

ಅದನ್ನು ಅವನು ಯೋಚಿಸಿರಲಿಲ್ಲ. "ಅವನೂ ಎಂಜಿನ್ ಓಡಿಸ್ತಾನೆ" ಎಂದುಬಿಟ್ಟ.

ವಾರ ವಾರ ಹೋಗುತ್ತ ಹೋದ. ಸುಳ್ಳು ವಾಪಸು ಬರುವವರೆಗೆ ಅಲ್ಲಿ ಕೂತು ಹೊತ್ತು ಕಳೆಯುವುದಷ್ಟೇ ಎಂದು ತನಗೆ ತಾನೇ ಹೇಳಿಕೊಂಡ. ಪ್ರತಿಸಲವೂ ಅವಳು ನಲ್ಲಿ ಬಿಡುತ್ತಿದ್ದಳು, ಔರೆಲ್‌ನನ್ನು ವಿಚಾರಿಸುತ್ತಿದ್ದಳು. ಗ್ರಿಗೋರೆ ತನಗಾದದ್ದನ್ನೇ ತಮ್ಮನಿಗಾದಂತೆ ಹೇಳುತ್ತಿದ್ದ. ಔರೆಲ್‌ಗೆ ನಿದ್ದೆ ಬರುತ್ತಾ? ಇಲ್ಲ. ಅವನ ಕೈ ಬ್ರೇಕಿಗೆ ಹೋಗುವ ಮೊದಲು ಏನು ಕಾಣುತ್ತೆ? ಒಂದು ಟೋಪಿ, ಕಂದು ಬಣ್ಣದ್ದು. ಅವನಿಗೆ ಯಾರ ಮೇಲೆ ಸಿಟ್ಟು?

"ಸತ್ತವನ ಮೇಲೆ" ಎಂದ ಗ್ರಿಗೋರೆ. ಅವನ ದನಿ ಏರಿತ್ತು. "ಹಳಿ ದಾಟೋವಾಗ ಒಂದ್ಸಲ ಕತ್ತು ತಿರುಗಿಸಿ ನೋಡೋಕೆ ಏನಾಗಿತ್ತು ಅವನಿಗೆ? ತಾನು ಸತ್ತು ನಮ್ಮನ್ನ ಯಾಕೆ ಕೊಂದ?" ಎಂದವನೇ ನಾಚಿಕೆಯಿಂದ ತಲೆ ತಗ್ಗಿಸಿದ. ಸತ್ತವರ ಮೇಲೆ ಸಿಟ್ಟಾಗುವುದು ಪಾಪ. ಚರ್ಚಿನಲ್ಲಿ ಆ ಮನುಷ್ಯನ ಹೆಸರಲ್ಲಿ ಅವನೇ ಮೇಣದ ಬತ್ತಿ ಹಚ್ಚಿ ಬಂದಿದ್ದ.

"ಔರೆಲ್ ಹಾಗಂದನಾ?"

"ಹೂಂ. ಔರೆಲ್."

ಆ ದಿನ ಮನೆಗೆ ಬಂದು, ಬೂಟು ಕಳಚಿ, ಹಾಸಿಗೆಯ ಮೇಲೆ ಒರಗಿದವನು ಹಾಡುಹಗಲಲ್ಲೇ ಗೊರಕೆ ಹೊಡೆದ.

ಚಳಿಗಾಲ ಮುಗಿಯುತ್ತ ಬಂದರೂ ಸುಳ್ಳು ವಾಪಸು ಬರಲಿಲ್ಲ. ಗ್ರಿಗೋರೆ ಅದನ್ನು ಹುಡುಕಿಕೊಂಡು ಹೋದ. ಕ್ಷೌರದ ಅಂಗಡಿಯಲ್ಲಿ ಬೇಕೆಂತಲೇ ಸಮುದ್ರದ ಮಾತೆತ್ತಿದ, ಅತ್ತೆಯ ಮುಂದೆ ಅಣ್ಣತಮ್ಮಂದಿರ ವಿಷಯ ತೆಗೆದ. ಯಾರ ಮುಖದಲ್ಲೂ ಏನೂ ಇರಲಿಲ್ಲ. ಬೇರೆಯವನಾದರೆ ನೆಮ್ಮದಿಪಡುತ್ತಿದ್ದ. ಇವನ ಅನುಮಾನ ಇನ್ನೂ ಬಲಿಯಿತು. ಇಷ್ಟು ರುಚಿಯಾದ ಸುದ್ದಿಯನ್ನು ನುಂಗಿಕೊಂಡು ಕೂತಿದ್ದಾಳೆಂದರೆ ಯಾರೋ ದೊಡ್ಡವರಿಗಾಗಿ ಕಾಯ್ದಿಟ್ಟಿರಬೇಕು. ಹಾಲಿನಲ್ಲಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ, ಇವನು ನೀರನ್ನೂ ಊದುತ್ತಿದ್ದ.

ಅಷ್ಟರಲ್ಲಿ ಪಾಂತೆಲಿ ಸುದ್ದಿ ತಂದ. "ಸೋಮವಾರ ಇನ್ಸ್‌ಪೆಕ್ಟರು ನಮ್ ಎಂಜಿನ್ನಲ್ಲೇ ಬರ್ತಾರಂತೆ. ಈ ಸಲ ನಾಯಿ ಗೀಯಿ ನಡೆಯಲ್ಲ. ಅವರಿಗೂ ಕಣ್ಣಿದೆ."

ಗ್ರಿಗೋರೆ ನೇರ ವೆತೂರಿಯಾಳ ಮನೆಗೆ ಹೋದ. ಅವಳು ನಲ್ಲಿ ಬಿಟ್ಟು ಬಂದು ಕೂರುವ ತನಕವೂ ತಾಳ್ಮೆ ಇರಲಿಲ್ಲ.

"ನನಗೆ ತಮ್ಮ ಇಲ್ಲ ಡಾಕ್ಟ್ರಮ್ಮ. ನಿಮ್ ಬಾಯಿ ಪರೀಕ್ಷೆ ಮಾಡೋಕೆ ಹೇಳಿದ್ದು ಅದು. ನಮ್ಮಪ್ಪ ಎಲ್ಲರಿಗೂ ಹೀಗೇ ಮಾಡ್ತಿದ್ದ."

"ತಮ್ಮ ಇಲ್ಲ ಅಂತ ಗೊತ್ತು."

"ಯಾವಾಗಿಂದ?"

"ಮೊದಲ ದಿನದಿಂದ. ನಿಮ್ಮಪ್ಪ ಪರೀಕ್ಷೆಗೆ ನನ್ ಹತ್ರಾನೇ ಬರ್ತಿದ್ರು. ಒಬ್ಬನೇ ಮಗ, ಒಬ್ಬನೇ ಮಗ ಅಂತ ಮಾತಿಗೆ ಮುಂಚೆ ನಿಮ್ ಹೆಸರು ಹೇಳ್ತಿದ್ರು."

"ಮತ್ತೆ ಸುಮ್ನಿದ್ರಿ?"

"ಔರೆಲ್ ಒಳ್ಳೆಯವನು. ನಿಜ ಹೇಳ್ತಿದ್ದ. ಅವನನ್ನ ಯಾಕೆ ಓಡಿಸ್ಲಿ?"

ಗ್ರಿಗೋರೆ ಕುರ್ಚಿಯ ತುದಿಗೆ ಸರಿದ. ಈ ಮನೆಗೆ ಮೊದಲು ಬಂದಾಗಿನಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಹೊರಗೆ ಬಂತು. "ಆ ಕಾಲದಲ್ಲಿ ನೀವು ಬರೆದಿದ್ದು ಯಾರ ಕೈಗೆ ಹೋಗ್ತಿತ್ತು?"

ಮುದುಕಿ ನೋವಿರುವ ಮಂಡಿಯನ್ನು ತಿಕ್ಕಿಕೊಂಡಳು. "ಕೇಳಿದವರ ಕೈಗೆ. ಕೊಡಲ್ಲ ಅನ್ನೋ ಹಾಗಿರ್ಲಿಲ್ಲ. ಅದಕ್ಕೇ ಜನ ಬಾಯಿ ತೆರೆಯೋ ಮುಂಚೆ ನಲ್ಲಿ ಬಿಡ್ತಿದ್ದೆ. ನೀರಿನ ಸದ್ದಿಗೆ ಸರಿಯಾಗಿ ಕೇಳಿಸ್ಲಿಲ್ಲ ಅಂತ ಬರೆಯೋಕೆ ಆಗ್ತಿತ್ತು." ಅವಳು ಅವನನ್ನೇ ನೋಡಿದಳು. "ಎಲ್ಲಾ ಸಲಾನೂ ಹಾಗೆ ಬರೆದೆ ಅಂತ ಹೇಳಲ್ಲ."

ಅವಳು ಹೇಳಿದ್ದು ನಿಜವೋ ಸುಳ್ಳೋ, ಸಾಕ್ಷಿಗೆ ಯಾರೂ ಉಳಿದಿರಲಿಲ್ಲ. ಆದರೆ ತಮ್ಮನ್ನು ಪೂರ್ತಿ ಒಳ್ಳೆಯವರೆಂದು ಹೇಳಿಕೊಳ್ಳದ ಮನುಷ್ಯರನ್ನು ಗ್ರಿಗೋರೆ ಈ ಊರಲ್ಲಿ ಹೆಚ್ಚು ಕಂಡಿರಲಿಲ್ಲ.

"ನಿಮ್ಮಪ್ಪನ ಪರೀಕ್ಷೇಲಿ ಯಾರಾದ್ರೂ ಪಾಸಾದ್ರಾ?" ಎಂದಳು ಅವಳು.

"ಒಬ್ಬ. ಗಾವ್ರಿಲ್ ಮಾಮ. ಅವನಿಗೆ ಹೇಳಿದ ಸುಳ್ಳು ಕೊನೇವರೆಗೂ ವಾಪಸ್ ಬರ್ಲಿಲ್ಲ."

"ಆಮೇಲೆ ನಿಮ್ಮಪ್ಪ ಅವರಿಗೆ ನಿಜ ಹೇಳಿದ್ರಾ?"

ಗ್ರಿಗೋರೆಗೆ ತೋಟದ ಬೇಲಿಯಾಚೆ ಗಾವ್ರಿಲ್ ಮಾಮ ಟೋಪಿ ಎತ್ತಿ ನಮಸ್ಕಾರ ಹೇಳಿ ಹೋಗುತ್ತಿದ್ದದ್ದು, ಅಪ್ಪ ಮರದ ಕೆಳಗಿನ ಮೇಜಿನಲ್ಲಿ ತನ್ನ ವೈನನ್ನು ತಾನೊಬ್ಬನೇ ಬಗ್ಗಿಸಿಕೊಂಡು ಕುಡಿಯುತ್ತಿದ್ದದ್ದು ನೆನಪಾಯಿತು. "ಇಲ್ಲ" ಎಂದ. "ಅವನಿಗೂ ಹೇಳ್ಲಿಲ್ಲ."

ತೊಟ್ಟಿಯಲ್ಲಿ ನೀರು ಸುರಿಯುತ್ತಲೇ ಇತ್ತು. ಗ್ರಿಗೋರೆ ಎದ್ದ. ಹೊರಟುಬಿಟ್ಟನೆಂದು ವೆತೂರಿಯಾ ಮುಖ ತಗ್ಗಿಸಿದಳು. ಅವನು ಮೂಲೆಗೆ ಹೋಗಿ ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸಿ ನಿಲ್ಲಿಸಿದ.

ಕೋಣೆ ಒಮ್ಮೆಲೇ ಬಯಲಾದಂತೆ ಅನ್ನಿಸಿ ಅವನಿಗೆ ಹೆದರಿಕೆಯಾಯಿತು. ಗೋಡೆ ಎಷ್ಟು ತೆಳ್ಳಗಿದೆಯೆಂದು ಆಗ ತಿಳಿಯಿತು. ಪಕ್ಕದ ಮನೆಯಲ್ಲಿ ಯಾರೋ ಹೊಲಿಗೆ ಯಂತ್ರ ತುಳಿಯುತ್ತಿದ್ದರು. ಅವನು ಬಂದು ಕೂತು ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡ.

"ಅವನ ಸೈಕಲ್ ಹಿಂದೆ ಒಂದು ಚೀಲ ಕಟ್ಟಿತ್ತು" ಎಂದ. "ಎಲೆಕೋಸು. ಚಳಿಗಾಲಕ್ಕೆ ಉಪ್ಪಿಗೆ ಹಾಕೋಕೆ ಮನೆಗೆ ಒಯ್ತಿದ್ದ ಅಂತ ಕಾಣುತ್ತೆ. ಗಾಡಿ ನಿಂತ ಮೇಲೆ ನಾನು ಇಳಿದು ಓಡಿದೆ. ಅವನು ಎಲ್ಲೂ ಕಾಣ್ಲಿಲ್ಲ. ಹಳಿ ಉದ್ದಕ್ಕೂ ಎಲೆಕೋಸು ಬಿದ್ದಿದ್ವು. ನಾನು… ನಾನು ಅವನ್ನ ಒಂದೊಂದಾಗಿ ಎತ್ತಿ ಚೀಲಕ್ಕೆ ತುಂಬೋಕೆ ಶುರು ಮಾಡಿದೆ ಡಾಕ್ಟ್ರಮ್ಮ. ಅವನನ್ನ ಹುಡುಕೋದು ಬಿಟ್ಟು. ಪಾಂತೆಲಿ ಬಂದು ಕೈ ಹಿಡಿದು ಎಳೆಯೋವರೆಗೂ ತುಂಬ್ತಾನೇ ಇದ್ದೆ."

ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ನಿಂತಿತು.

ಗ್ರಿಗೋರೆ ಒಮ್ಮೆ ಗೋಡೆಯ ಕಡೆ ನೋಡಿದ. ಆಮೇಲೆ ಮುದುಕಿಯ ಕಡೆ ತಿರುಗಿ, ದನಿ ತಗ್ಗಿಸದೆ, ಆ ಟೋಪಿ ಕೊನೆಗೆ ಎಲ್ಲಿ ಸಿಕ್ಕಿತೆಂದು ಹೇಳತೊಡಗಿದ.