ಹಲಗೆ ಬಾರಿಸುವವರು ಯಾರು?

"ಏ ಕಾಡ್ಯಾ, ಬೋಳಿಮಗನ! ಕೋರ್ಟಿನ ಸಾಹೇಬ್ರು ಬಿಸಲಾಗ ನಿಂತಾರ, ಹಲಗಿ ತಗೊಂಡ ಬಾರಲೇ!"

ಗೌಡ ನಿಜಗುಣಪ್ಪ ನಮ್ಮ ಹೊಲದ ಬದುವಿನ ಮೇಲೆ ನಿಂತು ನನ್ನ ಗಂಡನನ್ನು ಕರೆದ ಚಂದ ಇದು. ಪಕ್ಕದಲ್ಲಿ ಕೋರ್ಟಿನ ಬೇಲೀಫ, ಹೊಲವನ್ನು ಗೌಡನ ಕಬ್ಜಾಕ್ಕೆ ಕೊಡಲು ಬಂದವನು. ಹಲಗೆ ಬಾರಿಸಿ ಊರಿಗೆ ಸಾರಿದರೇನೇ ಕಬ್ಜಾ ಪಕ್ಕಾ ಅಂತೆ.

ಹಲಗೆಯ ಚಾಕರಿಗೆಂದು ಗೌಡನ ಅಜ್ಜ ನಮ್ಮ ಹಿರಿಯರಿಗೆ ಕೊಟ್ಟ ಹೊಲ ಇದು. ಊರ ಹೆಣಗಳ ಮುಂದೆಲ್ಲ ಬಡಿದು ಬಡಿದು ಬೇಸತ್ತ ನನ್ನ ಗಂಡ, ಇನ್ನು ಒಲ್ಲೆ ಎಂದು ಹಲಗೆಯನ್ನು ತೊಲೆಗೆ ನೇತುಹಾಕಿದ. ಗೌಡ ಸೀದಾ ಕೋರ್ಟಿಗೆ ಹೋಗಿ, "ಹಲಗಿ ಬಿಟ್ಟಾನ್ರಿ, ಹೊಲಾನೂ ಬಿಡ್ಲಿ" ಅಂದ. ಕೆಳಗಿನ ಕೋರ್ಟು ಹೌದೆಂದಿತು. ನಾವು ಅಪೀಲು ಹಾಕಿದೆವು. ನಮ್ಮ ವಕೀಲರು ಮಂಜುಳಾ ಬಾಯಿಯವರು ಅವತ್ತೇ ಮೇಲಿನ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳುವವರಿದ್ದರು. "ಅಲ್ಲೀತನಕ ಕಬ್ಜಾ ಹೋಗಬಾರ್ದ ನೋಡ ಲಗಮವ್ವಾ" ಎಂದಿದ್ದರು. ಅದು ಗೊತ್ತಿದ್ದೇ ಗೌಡ ಬೆಳಿಗ್ಗೆ ಬೆಳಿಗ್ಗೆ ಹಾಜರಾಗಿದ್ದ. ಹೊಲ ಹೋದರೆ ಮತ್ತೆ ಅವನ ದನದ ಕೊಟ್ಟಿಗೆಯ ಚಾಕರಿಯೇ ನಮಗೆ ಗತಿ.

ನನ್ನ ಗಂಡ ಬರಿಗೈಯಲ್ಲಿ ಬಂದು ಕೈಮುಗಿದ.

"ಹೆಂಗ ಬಾರಸ್ಲಿರಿ ಗೌಡ್ರ? ಕಾಡಪ್ಪ ಹಲಗಿ ಬಾರಸಂಗಿಲ್ಲ ಅಂತ ನೀವ ಆಣಿ ಮಾಡಿ ಹೇಳೀರಿ. ಕೋರ್ಟ ಹೌದಂದೈತಿ. ಈಗ ನಾ ಬಾರಿಸಿದ್ರ ಕೋರ್ಟ ಸುಳ್ಳಾಗತೈತ್ರಿ."

ಬೇಲೀಫ ಕೆಮ್ಮಿ ನಗು ನುಂಗಿದ. ಬೇರೆ ಹಲಗೆಯವರನ್ನು ಕರೆಸಲು ಗೌಡ ಪಕ್ಕದ ಮುನವಳ್ಳಿಗೆ ಫೋನು ಹಚ್ಚಿದ. ಅಲ್ಲಿನ ಹಲಗೆಯವರು ನಮ್ಮ ಬೀಗರು. ಅವತ್ತು ಅವರೆಲ್ಲರಿಗೂ ಒಮ್ಮೆಲೇ ಕೈನೋವು ಬಂದಿತ್ತು, ಪಾಪ!

"ಯಾರ ಬಾರಿಸಿದ್ರೂ ನಡೀತೈತ್ರಿ, ಲಗೂ ಮುಗಸ್ರಿ" ಎಂದ ಬೇಲೀಫ.

ನನಗೆ ಅಷ್ಟೇ ಬೇಕಿತ್ತು. ಓಡಿಹೋಗಿ ತೊಲೆಯ ಹಲಗೆ ಇಳಿಸಿಕೊಂಡು ಬಂದೆ. ಕಾಸದೆ ಅದು ನುಡಿಯುವುದಿಲ್ಲ. ಜೋಳದ ಕಣಿಕೆಗೆ ಬೆಂಕಿ ಹಚ್ಚಿ, ಚರ್ಮ ಬಿಗಿಯುವ ತನಕ ಕಾಸಿ ಗೌಡನ ಕಾಲ ಬಳಿ ಇಟ್ಟೆ.

"ಬಾರಸ್ರಿ ಗೌಡ್ರ. ಕೊಳ್ಳಾಗ ಹಾಕ್ಕೊಂಡ ನಾಕ ಪೆಟ್ಟ ಬಡೀರಿ, ಹೊಲ ನಿಮ್ದ."

ಊರೇ ಬಂದು ಬದುವಿನ ಮೇಲೆ ನಿಂತಿತ್ತು. ಆ ಚರ್ಮ ಮುಟ್ಟಿದವನಿಗೆ ಗೌಡರ ಪಂಕ್ತಿಯಲ್ಲಿ ಎಲೆ ಹಾಕುವವರಿಲ್ಲ. ಗೌಡ ಹೊಲ ನೋಡಿ ಕೈ ಚಾಚಿದ, ಜನರನ್ನು ನೋಡಿ ಹಿಂದಕ್ಕೆಳೆದುಕೊಂಡ. ಮತ್ತೆ ಚಾಚಿದ. ಮತ್ತೆ ಎಳೆದುಕೊಂಡ.

ಬಿಸಿಲು ಏರಿತು. ಮೇಲಿನ ಕೋರ್ಟಿನ ಬಾಗಿಲು ತೆರೆಯುವ ಹೊತ್ತಾಯಿತು. ನಾನು ಹಲಗೆಯ ಮೇಲೆ ಅಂಗೈ ಇಟ್ಟು ನೋಡಿದೆ.

"ತಣ್ಣಗಾತಲ್ರಿ ಗೌಡ್ರ. ಮತ್ತೊಮ್ಮೆ ಕಾಸ್ಲೇನ್ರಿ?"